ರೀಲಕ್ಕನವರ ದಿನಚರಿಯಲ್ಲಿ ತಿರುವದೆ ಬಿಟ್ಟ ಹಾಳೆ

ಚಲನಚಿತ್ರಗಳನ್ನು ತೆಗೆದವರ ಬಗ್ಗೆ, ಅವುಗಳಲ್ಲಿ ನಟಿಸಿದವರ ಬಗ್ಗೆ, ಅವುಗಳನ್ನು ಕುರಿತು ಬರೆದು ಹೆಸರು ಮಾಡಿದವರ ಬಗ್ಗೆ ಗ್ರಂಥಗಳಿಗೆ ಬರವಿಲ್ಲ. ಆದರೆ ಅವುಗಳನ್ನು ಪರದೆಯ ಮೇಲೆ ಬೀಳಿಸಿದವರ ಬಗ್ಗೆ ಒಂದು ಪುಟ ಹುಡುಕಿದರೂ ಸಿಗುವುದು ಕಷ್ಟ. ಮೂವತ್ತೊಂದು ವರ್ಷ ನಮ್ಮ ಚಿತ್ರಸಮಾಜದ ಪ್ರೊಜೆಕ್ಟರ್ ಕೋಣೆಯಲ್ಲಿ ನಿಂತು, ಎಪ್ಪತ್ತೆರಡು ಕುರ್ಚಿಗಳ ಪುಟ್ಟ ಸಭಾಂಗಣಕ್ಕೆ ದೇಶವಿದೇಶಗಳ ಹಳೆಯ ಶ್ರೇಷ್ಠ ಚಿತ್ರಗಳನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ತೋರಿಸುತ್ತ ಬಂದ, ನಮ್ಮೆಲ್ಲರಿಂದ ರೀಲಕ್ಕ ಎಂದೇ ಕರೆಸಿಕೊಂಡ ಹಿರಿಯರು ಈಗ ನಿವೃತ್ತರಾಗಿದ್ದಾರೆ. ನಮಗೆ ಸಿನಿಮಾ ನೋಡುವುದನ್ನು ಯಾರು ಕಲಿಸಿದರು ಎಂದು ಯಾರಾದರೂ ಕೇಳಿದರೆ, ದೊಡ್ಡ ದೊಡ್ಡ ಹೆಸರುಗಳನ್ನು ಹೇಳುವ ಮೊದಲು ಸಭಾಂಗಣದ ಹಿಂಬದಿಯ ಹನ್ನೊಂದು ಮೆಟ್ಟಿಲುಗಳ ಕಡೆ ಬೆರಳು ತೋರಿಸಬೇಕು.

ಇಂಥ ಅಭಿನಂದನ ಗ್ರಂಥಗಳಿಗೆ ಬರೆಯುವವರು ವಿನಯಕ್ಕಾಗಿ ತಮ್ಮನ್ನು ‘ಈ ಲೇಖಕ’ ಎಂದು ಕರೆದುಕೊಳ್ಳುವ ರೂಢಿಯುಂಟು. ಇಲ್ಲಿ ಅದು ವಿನಯವಲ್ಲ, ನಾಚಿಕೆ. ಇನ್ನು ಮುಂದೆ ಈ ಲೇಖಕನನ್ನು ‘ಅವನು’ ಎಂದೇ ಕರೆಯುವುದು; ದೂರದಿಂದ ನೋಡಿದರೆ ಬರೆಯುವುದು ಸುಲಭ. ಅವನು ಈಗ ವಿಮರ್ಶಕನೆಂದು ಹೆಸರಾದವನು, ಮೂರು ಪುಸ್ತಕಗಳ ಒಡೆಯ, ವೇದಿಕೆ ಕಂಡರೆ ಬಿಡದವನು. ರೀಲಕ್ಕನವರ ಕೈಯಲ್ಲೇ ಬೆಳೆದವನಾದ್ದರಿಂದ ಅವನ ಲೇಖನವೇ ಮೊದಲಿರಲಿ ಎಂದು ಈ ಗ್ರಂಥದ ಸಂಪಾದಕರು ಬಯಸಿದರು. ಅವನು ಎರಡೇ ದಿನದಲ್ಲಿ ಒಂದು ಲೇಖನ ಬರೆದು ಕೊಟ್ಟ. ನೀವು ಓದುತ್ತಿರುವುದು ಅದನ್ನಲ್ಲ.

ರೀಲಕ್ಕನವರ ತಂದೆಯವರೂ ಇದೇ ಕೋಣೆಯ ಆಪರೇಟರ್ ಆಗಿದ್ದರು. ಅವರ ಕಣ್ಣು ಮಂಜಾಗತೊಡಗಿದಾಗ ಮಗಳು ಪಕ್ಕದಲ್ಲಿ ನಿಲ್ಲುತ್ತಿದ್ದರು. ಒಂದೊಂದು ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತದೆ, ಕೆಲವು ಕ್ಷಣಕ್ಕೆ ಇನ್ನೊಂದು. ಮೊದಲ ಚುಕ್ಕಿಗೆ ಎರಡನೆಯ ಯಂತ್ರ ಶುರು ಮಾಡಬೇಕು, ಮುಂದಿನ ಚುಕ್ಕಿಗೆ ಅದಕ್ಕೆ ಬದಲಾಯಿಸಬೇಕು. “ಅಪ್ಪಾ, ಚುಕ್ಕಿ” ಎಂದು ಪಿಸುಗುಡುವುದೇ ಮಗಳ ಮೊದಲ ಉದ್ಯೋಗ. ತಂದೆಯ ನಂತರ ಅದೇ ಜಾಗಕ್ಕೆ ಸಮಾಜದವರು ಮಗಳನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡರು. “ಸಿನಿಮಾದ ಬಲಮೂಲೆ ನಂದು, ಮಿಕ್ಕಿದ್ದೆಲ್ಲ ನಿಮ್ದು” ಎಂದು ಅವರು ನಗುತ್ತಿದ್ದರು. ಅದು ಸುಳ್ಳು. ಮಿಕ್ಕಿದ್ದನ್ನೂ ಅವರು ನಮಗಿಂತ ಚೆನ್ನಾಗಿ ನೋಡುತ್ತಿದ್ದರು ಎಂಬುದಕ್ಕೆ ಹತ್ತೊಂಬತ್ತು ನೋಟ್‌ಬುಕ್ಕುಗಳ ಸಾಕ್ಷಿಯಿದೆ.

ಅವರ ಸಿನಿಮಾ ದಿನಚರಿಯ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಬೇಕು. ಶಾಲೆಯ ಮಕ್ಕಳು ಬರೆಯುವಂಥ ಗೆರೆ ಹಾಕಿದ ಉದ್ದ ಪುಸ್ತಕ, ಹಳೆಯ ಪತ್ರಿಕೆಯ ಹೊದಿಕೆ. ಒಂದು ಚಿತ್ರಕ್ಕೆ ಒಂದೇ ಹಾಳೆ. ಹಾಳೆಯ ಮುಂಬದಿ ಸಿನಿಮಾಕ್ಕೆ. ಹಿಂಬದಿ ತಮಗೆ, ಅಂದರೆ ಯಂತ್ರದ ತಕರಾರು, ತಾವು ಮಾಡಿದ ತಪ್ಪು, ಮನೆಯ ಒಂದೆರಡು ಮಾತು. ಮುಂಬದಿಯಲ್ಲಿ ಇಂಥವು ಸಿಗುತ್ತವೆ: ‘ಮುದುಕ ಕೊಡೆ ಮರೆತು ಬಸ್ಸಿಳಿದ. ಯಾರೂ ಕೂಗಿ ಕರೆಯಲಿಲ್ಲ. ಆಮೇಲೆ ಮೂರು ರೀಲು ಮಳೆ.’ ಇನ್ನೊಂದು ಕಡೆ: ‘ಈ ನಿರ್ದೇಶಕರಿಗೆ ಬಾಗಿಲೆಂದರೆ ಇಷ್ಟ. ಹನ್ನೊಂದು ಎಣಿಸಿದೆ. ಒಂದೂ ಪೂರ್ತಿ ಮುಚ್ಚಲಿಲ್ಲ.’ ನಾವು ಹತ್ತು ಪುಟ ಗೀಚಿ ಹೇಳಲಾಗದ್ದನ್ನು ಅವರು ಎರಡು ಸಾಲಿನಲ್ಲಿ ಹೇಳಿ ಕೈ ಒರೆಸಿಕೊಂಡು ಮುಂದಿನ ರೀಲು ಸುತ್ತಲು ಹೋಗುತ್ತಿದ್ದರು.

ಅವನು ಇಪ್ಪತ್ತನಾಲ್ಕರ ಹುಡುಗನಾಗಿ ಸಮಾಜಕ್ಕೆ ಸೇರಿದಾಗ ಮೂರನೆಯ ಸಾಲಿನಲ್ಲಿ ಕೂತು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ. ಅದನ್ನು ಮೇಲಿನ ಕಿಂಡಿಯಿಂದ ಗಮನಿಸಿದವರು ರೀಲಕ್ಕ. ಒಂದು ದಿನ ಪ್ರದರ್ಶನ ಮುಗಿದ ಮೇಲೆ ತಡೆದು ನಿಲ್ಲಿಸಿ, “ಕನ್ನಡಕ ಇಲ್ದೆ ಸಿನಿಮಾ ನೋಡೋದು ಮೂಗು ಮುಚ್ಕೊಂಡು ಹೂವು ಮೂಸಿದ ಹಾಗೆ ಕಣಪ್ಪ, ನಡಿ” ಎಂದು ತಾವೇ ಪರಿಚಯದ ಕನ್ನಡಕದಂಗಡಿಗೆ ಕರೆದುಕೊಂಡು ಹೋದರು. ಮುಂದಿನ ಭಾನುವಾರ ಪರದೆಯ ಮೇಲಿನ ಮುಖಗಳಿಗೆ ರೆಪ್ಪೆಗಳಿರುವುದು ಅವನಿಗೆ ಮೊದಲ ಬಾರಿ ಕಂಡಿತು. ಅಲ್ಲಿಂದಾಚೆ ಅವನಿಗೆ ಪ್ರೊಜೆಕ್ಟರ್ ಕೋಣೆಯ ಮೂಲೆಯಲ್ಲಿ ಒಂದು ಸ್ಟೂಲು, ಒಂದು ಲೋಟ ಚಹಾ ಖಾಯಂ ಆಯಿತು. ರೀಲಕ್ಕನವರ ಕೆಲಸ ಮಾತ್ರ ಖಾಯಂ ಆಗಿರಲಿಲ್ಲ.

ಅವರ ಸೇವೆಯ ಮೂರನೆಯ ವರ್ಷ ಆ ಚಿತ್ರ ಬಂತು. ಬ್ರೆಡ್ ಸುಡುವ ಒಬ್ಬ ಮುದುಕ, ಅವನ ಹೆಂಡತಿ, ಒಂದು ಮೇಜು: ಕಪ್ಪುಬಿಳುಪಿನ ಏಳು ರೀಲುಗಳ ಕಥೆ. ಅವನು ಹೊಸದಾಗಿ ಒಂದು ವಾರಪತ್ರಿಕೆಗೆ ಬರೆಯುವ ಅವಕಾಶ ಗಿಟ್ಟಿಸಿಕೊಂಡಿದ್ದ. ಮೊದಲ ಲೇಖನ ಈ ಚಿತ್ರದ ಮೇಲೆ, ಸೋಮವಾರ ಮಧ್ಯಾಹ್ನದೊಳಗೆ ಕೊಡಬೇಕು. ಶನಿವಾರವಿಡೀ ಮನೆ ಬದಲಾಯಿಸಿ ಸಾಮಾನು ಹೊತ್ತಿದ್ದ. ದೀಪ ಆರಿತು, ಮೂರನೆಯ ಸಾಲಿನ ಕುರ್ಚಿ ಮೆತ್ತಗಿತ್ತು. ಕಣ್ಣು ಬಿಟ್ಟಾಗ ದೀಪ ಹೊತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು, ಅವನೂ ಎದ್ದು ಎಲ್ಲರಿಗಿಂತ ಜೋರಾಗಿ ತಟ್ಟಿದ.

ಸೋಮವಾರ ಬೆಳಿಗ್ಗೆ ರೀಲಕ್ಕನವರ ಬಳಿ ಓಡಿದ. “ಅಕ್ಕ, ಮಧ್ಯದ ಭಾಗ ಸ್ವಲ್ಪ ಮರೆತ ಹಾಗಾಗಿದೆ, ನಿಮ್ಮ ಪುಸ್ತಕ ಒಂದ್ಗಳಿಗೆ ಕೊಡ್ತೀರಾ?” ಎಂದ. ಅವರು ಕೊಟ್ಟರು. ಕೊಡುವಾಗ, “ಹಿಂಬದೀನೂ ನೋಡು, ಅಲ್ಲೊಂದು ಮುಖ್ಯವಾದ ಮಾತಿದೆ” ಎಂದರು. ಅವನು “ಹೂಂ ಅಕ್ಕ” ಎಂದ. ಮೆಟ್ಟಿಲ ಮೇಲೆ ಕೂತು ಮುಂಬದಿಯನ್ನು ಗಬಗಬನೆ ಬರೆದುಕೊಂಡ. ಹಿಂಬದಿಯನ್ನು ತಿರುವಲಿಲ್ಲ. ಪುಸ್ತಕವನ್ನು ಬಾಗಿಲ ಬಳಿಯ ರೀಲಿನ ಡಬ್ಬಿಗಳ ಮೇಲಿಟ್ಟು, ವಾರಪತ್ರಿಕೆಯ ಕಚೇರಿಗೆ ಓಡಿದ.

ಮುಂಬದಿಯಲ್ಲಿ ಹೀಗಿತ್ತು: ‘ಹೆಂಡತಿ ಮಣ್ಣಾದಳು. ಆಮೇಲೆ ಮೇಜಿಗೆ ಬಂದು ಬ್ರೆಡ್ ಕೊಯ್ದಳು. ಯಾರೂ ಬೆಚ್ಚಲಿಲ್ಲ, ಗಂಡ ಕೂಡ. ಸತ್ತವರು ಹೀಗೆ ಬರುವುದಾದರೆ ಬಾಗಿಲು ತೆಗೆದಿಡಬೇಕಾಗಿಲ್ಲ, ತಟ್ಟೆ ಇಟ್ಟಿರಬೇಕು, ಅಷ್ಟೆ.’

ಈ ಸಾಲುಗಳನ್ನು ಓದುಗರು ಗುರುತಿಸಿರಬಹುದು. ‘ಸತ್ತವಳು ಮೇಜಿಗೆ ಬಂದಾಗ’ ಎಂಬ ಅವನ ಲೇಖನದ ಪ್ರಸಿದ್ಧವಾದ ಕೊನೆಯ ಸಾಲುಗಳು ಇವೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಕಾಲದ ಕಟ್ಟಳೆಯನ್ನೇ ಮುರಿದ ಧೀರ ನಿರ್ದೇಶಕ ಎಂದು ಹೊಗಳಿದ ಮೂರು ಪುಟಗಳು ಮಾತ್ರ ಅವನ ಸ್ವಂತದವು. ಲೇಖನ ಅಚ್ಚಾದ ವಾರವೇ ಅವನನ್ನು ಸಮಾಜದ ಸಮಿತಿಗೆ ಸೇರಿಸಿತು, ಮುಂದೆ ಎರಡು ಸಂಕಲನಗಳಲ್ಲಿ ಬಂತು, ಕಾಲೇಜಿನಲ್ಲಿ ಪಾಠವಾಯಿತು. ಅದನ್ನು ಓದಿದವರು ಅವನ ಕೈ ಹಿಡಿದು ಅತ್ತದ್ದೂ ಉಂಟು.

ಆ ಪ್ರದರ್ಶನವಾಗಿ ಎರಡು ವಾರ ಕಳೆದ ಮೇಲೆ ನಮ್ಮ ಸದಸ್ಯರಾಗಿದ್ದ ಭೂಗೋಳದ ಮೇಷ್ಟ್ರೊಬ್ಬರು ಒಂದು ಪತ್ರ ಬರೆದರು. ಒಂದು ಪ್ರತಿ ವಾರಪತ್ರಿಕೆಗೆ, ಒಂದು ಸಮಾಜಕ್ಕೆ. ಆ ಚಿತ್ರವನ್ನು ತಾವು ಹಿಂದೆಯೇ ಬೇರೆ ಕಡೆ ನೋಡಿರುವುದಾಗಿಯೂ, ಇಲ್ಲಿ ಐದನೆಯ ರೀಲನ್ನು ನಾಲ್ಕಕ್ಕಿಂತ ಮೊದಲು ತೋರಿಸಲಾಗಿದೆಯೆಂದೂ, ಆ ಹೆಂಗಸು ಸತ್ತ ಮೇಲೆ ಬ್ರೆಡ್ ಕೊಯ್ಯುವುದಿರಲಿ, ಮತ್ತೆ ಕಾಣಿಸಿಕೊಳ್ಳುವುದೇ ಇಲ್ಲವೆಂದೂ ಅವರು ನಕ್ಷೆ ಬಿಡಿಸಿದಷ್ಟು ಸ್ಪಷ್ಟವಾಗಿ ತಿಳಿಸಿದ್ದರು. ವಾರಪತ್ರಿಕೆಯವರು ತಮ್ಮ ಪ್ರತಿಯನ್ನು ಉತ್ತರಕ್ಕಾಗಿ ಅವನಿಗೆ ಕಳಿಸಿದರು. ಅವನು ಅದನ್ನು ಮೇಜಿನ ಖಾನೆಯ ತಳಕ್ಕೆ ಹಾಸಿದ್ದ ಕಾಗದದ ಅಡಿಗೆ ತೂರಿಸಿದ. ಯಾರೂ ಮತ್ತೆ ಕೇಳಲಿಲ್ಲ.

ಸಮಾಜದ ಸಮಿತಿ ಸಭೆಯಲ್ಲಿ ಮಾತ್ರ ಕೇಳಿದರು. ರೀಲಕ್ಕನವರ ಕೆಲಸ ಖಾಯಂ ಮಾಡುವ ವಿಷಯ ಅದೇ ಸಭೆಯ ಮುಂದಿತ್ತು. ಕಾರ್ಯದರ್ಶಿಗಳು ಪತ್ರ ಓದಿದರು. ರೀಲಕ್ಕ ನಿಂತಲ್ಲಿಂದಲೇ, “ನನ್ನ ತಪ್ಪೇ ಸಾರ್. ಡಬ್ಬಿ ಮೇಲಿನ ಚೀಟಿ ಅದಲುಬದಲಾಗಿತ್ತು, ಆದ್ರೆ ಒಳಗಿನ ನಂಬರ್ ನೋಡ್ಬೇಕಾದೋಳು ನಾನು” ಎಂದರು.

“ತಪ್ಪು ಎಲ್ರೂ ಮಾಡ್ತಾರಮ್ಮ. ಎರಡು ವಾರ ಮುಚ್ಚಿಟ್ರಲ್ಲ, ಅದು ದೊಡ್ಡದು. ಒಬ್ರಿಗಾದ್ರೂ ಹೇಳಿದ್ರಾ?”

ಒಬ್ಬನಿಗೆ ಹೇಳಿದ್ದರು. ‘ಹಿಂಬದೀನೂ ನೋಡು’ ಎಂದದ್ದು ಏನನ್ನು ಎಂದು ಆ ಕ್ಷಣ ಅವನಿಗೆ ಹೊಳೆಯಿತು. ರೀಲಕ್ಕ ಅವನ ಕಡೆ ನೋಡಲೂ ಇಲ್ಲ. ಕಾರ್ಯದರ್ಶಿಗಳೇ ತಿರುಗಿ, “ನೀವು ಅಲ್ಲೇ ಕೂತಿದ್ರಲ್ಲ, ನಿಮಗೇನಾದ್ರೂ ಗೊತ್ತಿತ್ತಾ?” ಎಂದು ಕೇಳಿದರು. ಒಂದು ಮಾತು ಸಾಕಿತ್ತು. ಆ ಪುಸ್ತಕ ತರಿಸಿ ನೋಡಿ ಎಂದಿದ್ದರೂ ಸಾಕಿತ್ತು. ಅವನು ಚಹಾದ ಲೋಟದೊಳಗೆ ನೋಡುತ್ತ, “ನೆನಪಿಲ್ಲ ಸಾರ್” ಎಂದ.

ಆಗ ರೀಲಕ್ಕ ಹೇಳಿದ ಮಾತು ಇಂದಿಗೂ ಅವನ ಕಿವಿಯಲ್ಲಿದೆ. “ಪತ್ರಿಕೆಗೆ ತಿದ್ದುಪಡಿ ಗಿದ್ದುಪಡಿ ಕಳಿಸ್ಬೇಡಿ ಸಾರ್. ಹುಡುಗನ ಮೊದಲ್ನೇ ಲೇಖನ. ನನ್ನ ತಪ್ಪಿಗೆ ಅವನ್ಯಾಕೆ ನಗೆಪಾಟಲಾಗ್ಬೇಕು?”

ಸಭೆಯ ನಡಾವಳಿ ಪುಸ್ತಕದಲ್ಲಿ ‘ತಪ್ಪನ್ನು ಮುಚ್ಚಿಟ್ಟ ಕಾರಣ ಖಾಯಮಾತಿಯನ್ನು ಮುಂದೂಡಲಾಗಿದೆ’ ಎಂದು ಬರೆಸಿದರು. ಸಮಿತಿಯ ಕಿರಿಯ ಸದಸ್ಯನಾದ್ದರಿಂದ ಅದನ್ನು ಬರೆದುಕೊಂಡ ಕೈ ಅವನದೇ. ಕೆಲಸ ಖಾಯಂ ಆಗಲು ಇನ್ನೂ ಆರು ವರ್ಷ ಹಿಡಿಯಿತು.

ಅವನು ಮತ್ತೆ ಆ ಹನ್ನೊಂದು ಮೆಟ್ಟಿಲು ಹತ್ತಲಿಲ್ಲ. ಮೂರನೆಯ ಸಾಲು ಬಿಟ್ಟು ಕೊನೆಯ ಸಾಲಿಗೆ ಬಂದ. ಕಿಂಡಿಯ ನೇರ ಕೆಳಗೆ ಕೂತರೆ ಮೇಲಿರುವವರಿಗೆ ಕಾಣುವುದಿಲ್ಲ. ಕೊನೆಯ ಸಾಲಿನಿಂದ ನೋಡುವುದು ದೊಡ್ಡ ವಿಮರ್ಶಕರ ಲಕ್ಷಣವೆಂದು ಕಿರಿಯರು ಅವನನ್ನು ಅನುಸರಿಸಿ ಹಿಂದೆ ಹಿಂದೆ ಬಂದು ಕೂತದ್ದು ಬೇರೆ ತಮಾಷೆ. ರೀಲಕ್ಕ ಎದುರಾದರೆ, “ಆರಾಮಾ ಅಕ್ಕ?” ಎಂದು ನಡೆಯುತ್ತಲೇ ಕೇಳುತ್ತಿದ್ದ. ಅವರು, “ಕನ್ನಡಕದ ನಂಬರ್ ನೋಡಿಸ್ಕೋತಾ ಇರು” ಎನ್ನುತ್ತಿದ್ದರು. ಈ ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಮಾಡಿದ ಉಪಕಾರಗಳು ಈ ಗ್ರಂಥದ ತುಂಬ ಇವೆ: ಸಭಾಂಗಣ ಸೋರಿದಾಗ ಡಬ್ಬಿಗಳನ್ನೆಲ್ಲ ಮನೆಗೆ ಹೊತ್ತು ಒಣ ಜಾಗದಲ್ಲಿಟ್ಟದ್ದು, ಕಿವಿ ಕೇಳದ ಹಿರಿಯ ಸದಸ್ಯರೊಬ್ಬರಿಗಾಗಿ ಪ್ರದರ್ಶನಕ್ಕೆ ಮೊದಲೇ ಕಥೆ ಬರೆದು ಕೊಡುತ್ತಿದ್ದದ್ದು. ಅವುಗಳನ್ನು ಬೇರೆಯವರು ಹೇಳಲಿ, ಅವನಿಗೆ ಆ ಯೋಗ್ಯತೆಯಿಲ್ಲ.

ಕಳೆದ ತಿಂಗಳು ಅವನು ಈ ಗ್ರಂಥಕ್ಕೆಂದು ಎರಡು ದಿನದಲ್ಲಿ ಬರೆದಿದ್ದ ಆ ಲೇಖನವನ್ನು ಹಿಡಿದು ರೀಲಕ್ಕನವರ ಮನೆಗೆ ಹೋದ. ಅವರು ಊಟದ ಮೇಜಿನ ಮೇಲೆ ಹತ್ತೊಂಬತ್ತನೆಯ ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದರು. ಲೇಖನವನ್ನು ನಿಧಾನವಾಗಿ ಓದಿ, ಮಡಿಸಿ ಕೊಟ್ಟರು.

“ಚೆನ್ನಾಗಿದೆ ಕಣಪ್ಪ. ಯಾರ ಬಗ್ಗೆ?”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವರು ಒಳಗೆ ಹೋಗಿ ಎರಡನೆಯ ಪುಸ್ತಕ ತಂದು, ಆ ಹಾಳೆ ತೆಗೆದು ಮುಂದಿಟ್ಟರು. “ಈಗಲಾದ್ರೂ ತಿರುವು.”

ಹಿಂಬದಿಯಲ್ಲಿ ಹೀಗಿತ್ತು: ‘ಇಂದು ನನ್ನ ತಪ್ಪು. ಐದನೆಯದನ್ನು ನಾಲ್ಕಕ್ಕೆ ಮೊದಲು ಹಾಕಿದೆ. ಅವಳು ಮೇಜಿಗೆ ಬಂದಾಗ ಗೊತ್ತಾಯಿತು, ನಿಲ್ಲಿಸಬೇಕಿತ್ತು, ಕೈ ಬರಲಿಲ್ಲ. ಅಮ್ಮ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಇನ್ನೊಂದು ಸ್ವಲ್ಪ ಹೊತ್ತು ಕೂತಿರಲಿ ಅನ್ನಿಸಿತು. ನಾಳೆ ಹುಡುಗ ಬರುತ್ತಾನೆ, ಮೊದಲು ಅವನಿಗೆ ಹೇಳಿ, ಆಮೇಲೆ ಕಾರ್ಯದರ್ಶಿಗಳಿಗೆ ಹೇಳಬೇಕು.’ ಅದರ ಕೆಳಗೆ ಬೇರೆ ಶಾಯಿಯಲ್ಲಿ: ‘ಲೇಖನ ನೋಡಿದೆ. ಹಿಂಬದಿ ತಿರುವಿಲ್ಲ. ಈಗ ಕಾರ್ಯದರ್ಶಿಗಳಿಗೆ ಹೇಳಿದರೆ ಹುಡುಗನ ಹೆಸರು ಕೆಡುತ್ತದೆ.’

ಪ್ರತಿ ವಾರ ಅವರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದವನಿಗೆ ಅವರ ತಾಯಿ ತೀರಿಕೊಂಡದ್ದೇ ಗೊತ್ತಿರಲಿಲ್ಲ. ಅವನು ಕದ್ದದ್ದು ಎರಡು ಚಂದದ ಸಾಲುಗಳನ್ನು ಎಂದುಕೊಂಡಿದ್ದ. ಕದ್ದದ್ದು ಒಬ್ಬ ಮಗಳ ದುಃಖವನ್ನು; ಅದನ್ನು ವೇದಿಕೆಯಿಂದ ವೇದಿಕೆಗೆ ಹೊತ್ತು ಚಪ್ಪಾಳೆ ಗಿಟ್ಟಿಸಿದ್ದ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಅಕ್ಕ, ನಾನು ಅವತ್ತು…”

“ನಿದ್ದೆ ಮಾಡಿದ್ದೆ. ಕಿಂಡಿಯಿಂದ ಕಾಣ್ಸಲ್ವೇನೋ? ಮೂರನೇ ರೀಲಲ್ಲೇ ತಲೆ ವಾಲಿತ್ತು. ಆಮೇಲಾದ್ರೂ ಆ ಸಿನಿಮಾ ನೋಡಿದ್ಯಾ?”

“ಇಲ್ಲಕ್ಕ. ಹೆದರಿಕೆ.”

“ಸರಿ ಹೋಯ್ತು! ಭಾನುವಾರ ನನ್ನ ಕೊನೇ ಷೋ, ಅದನ್ನೇ ಹಾಕ್ತಿದೀನಿ. ಮೂರನೇ ಸಾಲಲ್ಲಿ ಕೂರು. ತೂಕಡಿಸಿದ್ರೆ ಮೇಲಿಂದ ಡಬ್ಬಿ ಎಸೀತೀನಿ.”

ಅವನು ಮೂರನೆಯ ಸಾಲಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ನಾಲ್ಕನೆಯ ರೀಲಿನಲ್ಲಿ ಹೆಂಡತಿ ಬ್ರೆಡ್ ಕೊಯ್ದಳು. ಐದನೆಯದರಲ್ಲಿ ಮಣ್ಣಾದಳು. ಆಮೇಲೆ ಮುದುಕ ಎರಡು ತಟ್ಟೆ ಇಟ್ಟು, ಒಂದನ್ನು ಎತ್ತಿ ಒಳಗಿಟ್ಟ. ಯಾರೂ ಬರಲಿಲ್ಲ. ಹನ್ನೊಂದು ಮೆಟ್ಟಿಲು ಹತ್ತಿ ಹೋದಾಗ ರೀಲಕ್ಕ ಕೊನೆಯ ರೀಲನ್ನು ಹಿಂದಕ್ಕೆ ಸುತ್ತುತ್ತಿದ್ದರು. ಹೇಗಿತ್ತು ಎಂದು ಕೇಳಿದರು. ಮೂರು ಪುಸ್ತಕ ಬರೆದವನು ಮೂಲೆಯ ಹಳೆಯ ಸ್ಟೂಲನ್ನೆಳೆದುಕೊಂಡು ಕೂತ. ಅವರು ಹತ್ತೊಂಬತ್ತನೆಯ ಪುಸ್ತಕದಿಂದ ಒಂದು ಹಾಳೆಯನ್ನು ನಾಜೂಕಾಗಿ ಬಿಡಿಸಿ ಕೊಟ್ಟರು. ಮುಂಬದಿ ಆಗಲೇ ತುಂಬಿತ್ತು. “ಹಿಂಬದಿ ನಿಂಗೆ ಬಿಟ್ಟಿದೀನಿ. ಅಲ್ಲಿ ಅವನು ಇವನು ಅಂತ ಬರೆಯೋ ಹಾಗಿಲ್ಲ” ಎಂದರು.

ರೀಲಕ್ಕನವರು ಬಹುಕಾಲ ಆರೋಗ್ಯವಾಗಿ ಬಾಳಲಿ. ಬಲಮೂಲೆಯ ಕಾವಲಿನಿಂದ ಬಿಡುಗಡೆಯಾದ ಅವರ ಕಣ್ಣುಗಳು ಇನ್ನು ಇಡೀ ಪರದೆಯನ್ನು ತಮಗಾಗಿಯೇ ನೋಡಲಿ. ಇಪ್ಪತ್ತನೆಯ ಪುಸ್ತಕಕ್ಕೂ ಮೂವತ್ತನೆಯದಕ್ಕೂ ಅವರ ಕೈಯೇ ಹೊದಿಕೆ ಹಾಕಲಿ. ನಡಾವಳಿ ಪುಸ್ತಕದ ಆ ಸಾಲನ್ನು ಹೊಡೆದುಹಾಕಬೇಕೆಂದು ಚಿತ್ರಸಮಾಜಕ್ಕೆ ಈ ಲೇಖಕನ ಬಿನ್ನಹ. ಅದಕ್ಕೆ ಆಧಾರವಾಗಿ, ಅವರು ಬಿಡಿಸಿ ಕೊಟ್ಟ ಹಾಳೆಯ ಹಿಂಬದಿಯಲ್ಲಿ ಬರೆದದ್ದನ್ನು ಇಲ್ಲಿ ಹಾಗೆಯೇ ಕೊಟ್ಟಿದೆ:

‘ಇಂದು ನನ್ನ ತಪ್ಪು. ಇಪ್ಪತ್ತೆಂಟು ವರ್ಷ ತಡವಾಗಿ ಬರೆಯುತ್ತಿದ್ದೇನೆ. ನಾನು ನಿದ್ದೆ ಮಾಡಿದ್ದೆ. ಸಾಲುಗಳು ಅಕ್ಕನವು. ಅಕ್ಕ ಏನನ್ನೂ ಮುಚ್ಚಿಟ್ಟಿರಲಿಲ್ಲ. ಬರೆದು, ನನ್ನ ಕೈಯಲ್ಲೇ ಕೊಟ್ಟಿದ್ದರು.’