ಹಿಂಬಾಗಿಲಿನ ಸ್ವಾಗತ

ಚರ್ಚಿನ ಕಸ ಗುಡಿಸುವ ದೊಡ್ಡಕ್ಕನಿಗೆ ಹೇಸಿಗೆ ಅನ್ನೋದೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಇಪ್ಪತ್ತು ವರ್ಷದಿಂದ ಪಾರಿವಾಳದ ಹಿಕ್ಕೆ ಕೆರೆದು, ಕಟ್ಟಿಕೊಂಡ ಮೋರಿಗೆ ಕೈಹಾಕುತ್ತಾ ಬಂದವಳು ಅವಳು.

ಆ ಭಾನುವಾರ ಪ್ರಾರ್ಥನೆಗೆ ಮುಂಚೆ, ಒದ್ದೆ ಪ್ಯಾಂಟಿನ ಗಂಡಸೊಬ್ಬ ಒಳಗೆ ಬಂದು ಕೊನೆಯ ಬೆಂಚಿನಲ್ಲಿ ಕುಸಿದು ಬಿಕ್ಕತೊಡಗಿದ. ಉಚ್ಚೆಯ ನಾತ ಗಪ್ಪೆಂದು ಮೂಗಿಗೆ ಹೊಡೆಯಿತು. ಸಭೆಯ ಹಿರಿಯರೊಬ್ಬರು ಹಲ್ಲುಕಿರಿಯುತ್ತಾ ಧಾವಿಸಿ, “ಬನ್ನಿ ಬನ್ನಿ, ಇದು ಎಲ್ಲರ ಮನೆ” ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು. ಆಮೇಲೆ ದೊಡ್ಡಕ್ಕನ ಕಿವಿಯಲ್ಲಿ, “ಈ ಪೀಡೇನ ಹಿಂದಿನ ಬಾಗಿಲಿಂದ ಸಾಗಹಾಕು” ಎಂದರು. ಮುಖದ ಮೇಲಿನ ನಗೆ ಹಾಗೇ ಇತ್ತು.

ಆ ನಗೆ ಕಂಡು ಅವಳಿಗೆ ಹೇಸಿಗೆಯಾಯಿತು.

ಅವನನ್ನು ಹಿತ್ತಲ ನಲ್ಲಿಗೆ ಕರೆದೊಯ್ದು ಮುಖಕ್ಕೆ ನೀರು ಹಾಕಿದಳು. “ಏನಪ್ಪಾ ಆಯ್ತು?”

“ನಿನ್ನೆ ತಂಗಿ ಆಸ್ಪತ್ರೇಲಿ ತೀರ್ಕೊಂಡ್ಲು ಅಕ್ಕಾ. ಮನೇಲಿ ಅಮ್ಮಂಗೆ ಹೇಗೆ ಹೇಳ್ಲಿ?”

ದೊಡ್ಡಕ್ಕ ಅವನ ರಟ್ಟೆ ಹಿಡಿದು ಮುಂಬಾಗಿಲಿನಿಂದಲೇ ಒಳಗೆ ತಂದಳು. ಹಿರಿಯರು ಕೂತಿದ್ದ ಬೆಂಚಿನ ಮುಂದೆ ನಿಂತು, “ತಂಗಿ ಸತ್ತೋಗಿದಾಳಂತೆ. ಸ್ವಲ್ಪ ಸರ್ಕೊಳ್ಳಿ” ಎಂದಳು.

ಹಿರಿಯರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸರಿದರು. ನಾತ ಅವಳಿಗೂ ಬಡಿಯುತ್ತಿತ್ತು. ಬಾಯಲ್ಲೇ ಉಸಿರಾಡುತ್ತಾ, ಪ್ರಾರ್ಥನೆ ಮುಗಿಯುವವರೆಗೂ ಅವನ ಕೈ ಹಿಡಿದು ಕೂತಳು. ಆಮೇಲೆ ಅವನ ಜೊತೆ ಅವನ ತಾಯಿಯ ಮನೆಗೂ ಹೋದಳು.