ನೇರ ನುಗ್ಗುವ ಹುಡುಗ

ಹೆಸರು ಕಸಾಯಿ, ಕಸುಬು ಕ್ಷೌರ. ಜಪಾನಿನ ಅವೊಮೊರಿಯ ಈ ಮುದುಕನಿಗೆ ಸುಮೊ ಕುಸ್ತಿಯ ಬಗ್ಗೆ ಇದ್ದದ್ದು ಒಂದೇ ಅಭಿಪ್ರಾಯ: "ಮಂಗೋಲಿಯಾದವ್ರು ಪಕ್ಕಕ್ಕೆ ಜಾರಿ ಗೆಲ್ತಾರೆ. ನಮ್ಮೂರ ಹುಡುಗ ನೇರ ನುಗ್ತಾನೆ." ಗಂಟಲ ಮೇಲೆ ಕತ್ತಿಯಿರುವಾಗ ಯಾವ ಗಿರಾಕಿಯೂ ಎದುರಾಡುತ್ತಿರಲಿಲ್ಲ.

ಪಂದ್ಯಾವಳಿಯ ಕೊನೆಯ ದಿನ ಸೋತರೆ ಊರ ಹುಡುಗ ಕೆಳದರ್ಜೆಗೆ ಇಳಿಯಬೇಕಿತ್ತು. ಎದುರಾಳಿ ಮಂಗೋಲಿಯಾದವನು. ಮೀನಂಗಡಿಯ ಕುದೋನ ಗಡ್ಡವನ್ನು ಅರ್ಧಕ್ಕೇ ಬಿಟ್ಟು ಕಸಾಯಿ ಟಿವಿಯತ್ತ ತಿರುಗಿದ. ಮಂಗೋಲಿಯಾದವನು ನೇರ ನುಗ್ಗಿದ. ಊರ ಹುಡುಗ ಪಕ್ಕಕ್ಕೆ ಜಾರಿದ. ನುಗ್ಗಿದವನು ಮುಗ್ಗರಿಸಿ ಬಿದ್ದು, ಎದ್ದು, ತಲೆಬಾಗಿ ವಂದಿಸಿ ಹೋದ.

"ಗೆದ್ವಲ್ಲಣ್ಣಾ, ಹುಡುಗ ಉಳ್ಕೊಂಡ! ಚಪ್ಪಾಳೆ ತಟ್ಟು!" ಕುದೋ ನೊರೆಯೊಳಗಿಂದಲೇ ಕಿಚಾಯಿಸಿದ.

"ಕೈಲಿ ಕತ್ತಿ ಇದೆ ಕಣೋ."

ಕತ್ತಿ ಇಡಲು ಪಕ್ಕದಲ್ಲೇ ಮೇಜಿತ್ತು. ಉಳಿದರ್ಧ ಗಡ್ಡವನ್ನು ಕಸಾಯಿ ಬೋಳಿಸಿದ.