ಸಾಹುಕಾರರು ತಂದ ನೇಮ

ಗೋವಾದ ವಾಸ್ಕೋದಲ್ಲಿದ್ದ ನಮ್ಮ ಬಾಸ್ಕೆಟ್‌ಬಾಲ್ ತಂಡದ ಮಾಲೀಕರು ಬೆಳಗಾವಿ ಕಡೆಯ ಬಟ್ಟೆ ಸಾಹುಕಾರರು. ಎಂಬತ್ತರ ದಶಕದ ಕೊನೆಯಲ್ಲಿ ಒಂದು ಸಂಜೆ ನಮ್ಮನ್ನೆಲ್ಲ ಅಂಗಡಿಯ ಮುಂದೆ ಕೂರಿಸಿ, ಚಹಾ ಕುಡಿಸಿ, ಅಮೆರಿಕದ ಕಥೆ ತೆಗೆದರು. ಸಾಹುಕಾರರು ಬಿಟ್ಟಿ ಚಹಾ ಕುಡಿಸಿದಾಗಲೇ ನನಗೆ ಅನುಮಾನ ಬಂದಿತ್ತು.

“ಅಲ್ಲಿ ಹಿಂದಕ ನನ್ನಂಗ ಒಬ್ಬ ತಂಡದ ಮಾಲೀಕ ಇದ್ನಂತ ನೋಡ್ರಪಾ. ಗೆಲ್ಲಾಕತ್ತವ್ರು ಚೆಂಡು ಹಿಡ್ಕೊಂಡು ಹೊತ್ತು ಕಳೀತಿದ್ರು, ಮಂದಿ ಬ್ಯಾಸತ್ತು ಎದ್ದು ಹೋಗ್ತಿದ್ರು. ಇಂವ ಏನ್ ಮಾಡಿದ, ಚೆಂಡು ಸಿಕ್ಕ ಇಪ್ಪತ್ನಾಲ್ಕು ಸೆಕೆಂಡಿನಾಗ ಬುಟ್ಟಿಗಿ ಹೊಡೀರಿ, ಇಲ್ಲಾ ಚೆಂಡು ಬಿಡ್ರಿ ಅಂತ ನೇಮ ತಂದ. ಆಟದ ಚಂದನ ಬ್ಯಾರೆ ಆತು. ಮುಂದಿನ ಪಂದ್ಯದಾಗ ನಾವೂ ಹಂಗ ಆಡೋದು, ಎದುರಿನ ತಂಡದವ್ರೂ ಒಪ್ಪ್ಯಾರ.”

ಎಲ್ಲರೂ ತಲೆಯಾಡಿಸಿದರು. ನನಗೆ ಮೈ ಉರಿಯಿತು. ತಂಡದಲ್ಲಿ ನನ್ನ ಕೆಲಸವೇ ಅದು: ನಾವು ಮುಂದಿದ್ದಾಗ ಚೆಂಡು ಪುಟಿಸುತ್ತ ಹೊತ್ತು ಕಳೆಯುವುದು. ಓಟ ನನಗೆ ಎಂದೂ ಒಲಿದಿರಲಿಲ್ಲ. ಆ ಕೆಲಸ ಹೋದರೆ ನನಗೆ ತಂಡದಲ್ಲಿ ಜಾಗವಿಲ್ಲ. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪನನ್ನು ಮಂದಿ ‘ಆಟಗಾರನ ಅಪ್ಪ’ ಎಂದು ಕರೆಯುವುದೂ ಅಲ್ಲಿಗೆ ಮುಗಿಯುತ್ತಿತ್ತು. ಲಾಭವಿಲ್ಲದೆ ಶೆಟ್ಟಿ ಹೊಳೆಗೆ ಬೀಳುವುದಿಲ್ಲ ಎನ್ನುತ್ತಾರೆ. ಸಾಹುಕಾರರ ತಂಗಿಯ ಮಗ ಜಿಂಕೆಯಂತೆ ಓಡುತ್ತಿದ್ದ, ತಂಡದಲ್ಲಿ ಜಾಗಕ್ಕಾಗಿ ಕಾಯುತ್ತಿದ್ದ.

ಅಭ್ಯಾಸದಲ್ಲಿ ಸಾಹುಕಾರರೇ ಸ್ಟಾಪ್‌ವಾಚ್ ಹಿಡಿದು, ಹೊತ್ತು ಮುಗಿದೊಡನೆ ಜಾಗಟೆ ಬಾರಿಸುತ್ತಿದ್ದರು. ನನ್ನ ಕೈಗೆ ಚೆಂಡು ಬಂತೋ ಇಲ್ಲವೋ, ಢಣ್! ಅಳಿಯನಿಗೆ ಮಾತ್ರ ಹೊತ್ತು ಧಾರಾಳವಾಗಿ ಉಳಿಯುತ್ತಿತ್ತು. ನಾನು ಚೆಂಡು ಬಿಟ್ಟು ಅವರ ಹೆಬ್ಬೆರಳನ್ನೇ ನೋಡತೊಡಗಿದೆ. ಕೊನೆಗೆ ತಡೆಯಲಾಗದೆ ಅಂದೇಬಿಟ್ಟೆ:

“ಜಾಗಟಿ ನಿಮ್ಮ ಕೈಯಾಗ ಬ್ಯಾಡ್ರಿ ಸಾವಕಾರ್ರ.”

ಬೈಯುತ್ತಾರೆ ಎಂದುಕೊಂಡೆ. ಅವರು ನಕ್ಕರು. “ಯಾರ ಮ್ಯಾಲ ನಂಬಿಗಿ ಐತಿ ಹೇಳು, ಅವರಿಗೇ ಕೊಡೋಣು.”

ಆ ನಗೆಯ ಮೇಲೂ ನನಗೆ ಅನುಮಾನವೇ. ಆದರೂ ಅಪ್ಪನ ಹೆಸರು ಹೇಳಿದೆ.

ಪಂದ್ಯದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಜಾಗಟೆಯ ಮುಂದೆ ಕುಳಿತ. ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು, ನಾವು ಒಂದೇ ಬುಟ್ಟಿಯಿಂದ ಮುಂದಿದ್ದೆವು. ಚೆಂಡು ನನ್ನ ಕೈಗೆ ಬಂತು. ಹಳೆಯ ರೂಢಿ, ಪುಟಿಸುತ್ತ ನಿಂತೆ. ಅಪ್ಪನೇ ಇದ್ದಾನಲ್ಲ ಎಂಬ ಧೈರ್ಯ ಬೇರೆ. ಅಪ್ಪ ಕೋಲು ಎತ್ತಿದ, ನನ್ನನ್ನೇ ನೋಡಿದ.

ಢಣ್!

ಚೆಂಡು ಎದುರಾಳಿಗಳಿಗೆ ಹೋಯಿತು. ಸಾಹುಕಾರರು ನನ್ನನ್ನು ಹೊರಗೆ ಕರೆದು ಅಳಿಯನನ್ನು ಇಳಿಸಿದರು. ನಾನು ಅಪ್ಪನ ಪಕ್ಕ ಹೋಗಿ ಕುಳಿತೆ. “ಲಗೂನ ಬಾರಿಸಿದಿ ಅಲ್ಲೇನಪ್ಪಾ?” ಎಂದೆ.

ಅಪ್ಪ ಸ್ಟಾಪ್‌ವಾಚಿನಿಂದ ಕಣ್ಣೆತ್ತಲಿಲ್ಲ.

“ಇಲ್ಲಪಾ. ನಿನಗಂತ ಎರಡು ಸೆಕೆಂಡು ಹೆಚ್ಚಿಗೇನ ತಡದ್ನಿ.”